ಇಪ್ಪತ್ತೆರಡು ಖಾಲಿ ದಿನ

ಅಂತ್ಯಸಂಸ್ಕಾರಕ್ಕೆ ಬಂದ ನೆಂಟರಲ್ಲಿ ಕೊನೆಯವರೂ ಹೊರಟುಹೋದ ಮಾರನೆಯ ಬೆಳಿಗ್ಗೆ ಮಾವ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುತ್ತ ಬಂದರು. ನಾನು ಒಲೆಯ ಮುಂದೆ ಹಾಲು ಕಾಯಿಸುತ್ತ ನಿಂತಿದ್ದೆ.

ಮಾವ ನಲವತ್ತು ವರ್ಷ ಗೋಡೆಗಳ ಮೇಲೆ ಜಾಹೀರಾತು ಬರೆದವರು. ಸಾಬೂನು, ಸಿಮೆಂಟು, ಬಿಸ್ಕತ್ತು. ಕೆಲಸ ಮುಗಿದ ಮೇಲೆ ಏಣಿ, ಬ್ರಷ್ಷು, ಡಬ್ಬಿಗಳನ್ನು ಒಂದೊಂದಾಗಿ ನೋಡಿ, ತಮ್ಮದಲ್ಲದ ಒಂದು ಮೊಳೆ ಸಿಕ್ಕರೂ ಬೇರೆ ತೆಗೆದಿಡುವುದು ಅವರ ಕ್ರಮ. ಅಂದೂ ಅದನ್ನೇ ಮಾಡಿದರು. ನೆಂಟರು ಬಿಟ್ಟುಹೋದದ್ದೆಲ್ಲ ಒಂದು ರಟ್ಟಿನ ಪೆಟ್ಟಿಗೆ ಸೇರಿತು: ಎರಡು ಚಾರ್ಜರು, ಒಂದು ಬಾಚಣಿಗೆ, ಮಗುವಿನ ಒಂಟಿ ಕಾಲುಚೀಲ. ಪುಸ್ತಕದ ಕಪಾಟಿನ ಹಿಂದೆ ಕೈ ಹಾಕಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಡಬ್ಬಿಯನ್ನೂ ಎಳೆದರು. ಅದರ ಹಸಿರು ದೀಪ ಆರಿತು. ವೈರನ್ನು ಒಪ್ಪವಾಗಿ ಸುತ್ತಿ, ಅದನ್ನೂ ಪೆಟ್ಟಿಗೆಗೆ ಹಾಕಿದರು.

“ಯಾರೋ ಮರೆತು ಹೋಗಿದ್ದಾರೆ. ಕೇಳ್ಕೊಂಡು ಬಂದಾಗ ಕೊಡೋಣ” ಅಂದರು.

ಅದು ಯಾರೂ ಮರೆತದ್ದಲ್ಲ, ನನ್ನ ಗಂಡ ಇಟ್ಟದ್ದು ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಹಾಲು ಉಕ್ಕಿತು. ಒಲೆ ಒರೆಸುವಷ್ಟರಲ್ಲಿ ಹೇಳುವುದು ಬೇಡವಾಯಿತು. ಆ ದಿನಗಳಲ್ಲಿ ಒಂದು ಮಾತು ಆಡುವುದೆಂದರೆ ನನಗೆ ಮೂರು ಮಹಡಿ ಹತ್ತಿದಷ್ಟು ಕೆಲಸ.

ಅವನಿಗೆ ಮೂವತ್ತನಾಲ್ಕು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂತಿದ್ದಾಗಲೇ ಹೃದಯ ನಿಂತಿತು. ಅದಕ್ಕಿಂತ ಹೆಚ್ಚು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೂರು ದಿನ ಮನೆ ತುಂಬ ಜನ. ಕೂತವರು ಸ್ವಲ್ಪ ಹೊತ್ತು ಅತ್ತು, ಆಮೇಲೆ ಫೋನು ತೆಗೆದು ವೈಫೈ ಪಾಸ್‌ವರ್ಡು ಕೇಳುತ್ತಿದ್ದರು. ಹೇಳಿ ಹೇಳಿ ಸಾಕಾದ ಮಾವ ಅದನ್ನು ಒಂದು ರಟ್ಟಿನ ಮೇಲೆ ನೆರಳು ಕೊಟ್ಟ ದಪ್ಪ ಅಕ್ಷರದಲ್ಲಿ ಬರೆದು ಮಗನ ಫೋಟೋದ ಪಕ್ಕದಲ್ಲೇ ತೂಗುಹಾಕಿದರು. ಅವರ ಕೈ ನಡುಗಲು ಶುರುವಾಗಿ ಆರು ವರ್ಷ. ಆ ಅಕ್ಷರಗಳು ಮಾತ್ರ ನಡುಗಿರಲಿಲ್ಲ.

ಹದಿನಾಲ್ಕು ತಿಂಗಳ ಹಿಂದೆ ಕಪ್ಪು ಡಬ್ಬಿ ತಂದ ದಿನ ಅವನು ನನಗೆ ವಿವರಿಸಿದ್ದ. ಫೋನಿನಲ್ಲಿ ನಾವು ತೆರೆಯುವುದು ಒಂದು ಪುಟ. ಅದರ ಬೆನ್ನಿಗೇ ಜಾಹೀರಾತುಗಳನ್ನು ಕರೆತರಲು ಮೂವತ್ತು ನಲವತ್ತು ಕೋರಿಕೆಗಳು ನಮಗೆ ತಿಳಿಯದಂತೆ ಹೊರಡುತ್ತವೆ. ಮನೆಯಿಂದ ಹೊರಡುವ ಪ್ರತಿ ಕೋರಿಕೆಯೂ ಮೊದಲು ಈ ಡಬ್ಬಿಯನ್ನು ದಾರಿ ಕೇಳಬೇಕು. ಜಾಹೀರಾತಿನದ್ದಾದರೆ ಡಬ್ಬಿ ದಾರಿ ಹೇಳುವುದಿಲ್ಲ. ಡಬ್ಬಿ ಇಲ್ಲದಿದ್ದರೆ ಎಲ್ಲಕ್ಕೂ ದಾರಿ ತೆರೆದಿರುತ್ತದೆ. ಇಷ್ಟೇ ಅದರ ಕೆಲಸ.

ಮಾವನಿಗೆ ಇದು ಗೊತ್ತಿರಲಿಲ್ಲ. ಹಿಂದೊಮ್ಮೆ ಊಟದ ಹೊತ್ತಿನಲ್ಲಿ ಅವನು, ಜಾಹೀರಾತು ಬಾರದ ಹಾಗೆ ಮಾಡಬಹುದಪ್ಪ ಎಂದು ಸುಮ್ಮನೆ ಬಾಯಿಬಿಟ್ಟಿದ್ದ. ಮಾವ ತಟ್ಟೆಯಿಂದ ಕೈ ಎತ್ತಿದ್ದರು. ನಿನ್ನನ್ನು ಓದಿಸಿದ್ದು ಯಾವುದು, ಈ ಮನೆಗೆ ಅನ್ನ ಹಾಕಿದ್ದು ಯಾವುದು ಎಂದು ಕೇಳಿ ಎದ್ದುಹೋಗಿದ್ದರು. ಅದಕ್ಕೇ ಡಬ್ಬಿ ಕಪಾಟಿನ ಹಿಂದೆ ಹೋದದ್ದು. ನನಗೊಬ್ಬಳಿಗೇ ಗೊತ್ತಿದ್ದದ್ದು.

ಜಾಹೀರಾತುಗಳು ಅಂದು ಮಧ್ಯಾಹ್ನವೇ ಬಂದವು. ಅತ್ತೆ ಆಸ್ಪತ್ರೆಯಲ್ಲಿ ಹುಟ್ಟುವ ಮಕ್ಕಳಿಗೆ ಉಣ್ಣೆಯ ಟೊಪ್ಪಿ ಹೆಣೆದು ಕೊಡುತ್ತಾರೆ. ನಮೂನೆಯನ್ನು ಫೋನಿನಲ್ಲಿ ಓದಿಕೊಂಡು, ಸಾಲು ಎಣಿಸಿಕೊಂಡು ಹೆಣೆಯಬೇಕು. ಆ ಪುಟ ಕುಣಿಯತೊಡಗಿತು. ಹನ್ನೆರಡನೆಯ ಸಾಲು ಓದುತ್ತಿದ್ದಂತೆ ಅದು ಕೆಳಕ್ಕೆ ಜಾರಿ, ಅಲ್ಲೊಂದು ಕಾರು ಬಂದು ನಿಲ್ಲುತ್ತಿತ್ತು. ಮುಚ್ಚಲು ಹೋದರೆ ಕಾರಿನ ಅಂಗಡಿಯೇ ತೆರೆದುಕೊಳ್ಳುತ್ತಿತ್ತು.

“ಏನ್ರೀ, ಈ ಫೋನಿಗೇನಾಯ್ತು? ನಾನು ಟೊಪ್ಪಿ ಕೇಳಿದ್ರೆ ಕಾರ್ ತಗೋ ಅನ್ನತ್ತೆ.”

“ತಗೋ. ನಿನ್ನ ಮಗಳು ಬಸ್ ಬಿಟ್ಟು ಅದನ್ನ ಓಡಿಸ್ಲಿ.”

ಆ ವಾರ ಮನೆಯಲ್ಲಿ ಕೇಳಿದ ಮೊದಲ ತಮಾಷೆ ಅದು. ಯಾರೂ ನಗಲಿಲ್ಲ.

ನಾದಿನಿ ಊರಿನ ಬಸ್ಸು ಓಡಿಸುತ್ತಾಳೆ. ಬೆಳಗಿನ ಪಾಳಿ ಮುಗಿಸಿ ಬಂದು, ಬೂಟು ಬಿಚ್ಚದೆ ಗೋಡೆಗೊರಗಿ, ಏನಾದರೂ ನೋಡುತ್ತ ತಿನ್ನುವುದು ಅವಳ ಅಭ್ಯಾಸ. ಐದು ಸೆಕೆಂಡು ತಾಳಿ, ಆಮೇಲೆ ದಾಟಿಸಬಹುದು ಎಂದು ಫೋನು ಹೇಳುವಾಗ ಅವಳಿಗೆ ಮೈಯುರಿ. ಸಿಗ್ನಲ್ಲಿನಲ್ಲೂ ನಾನು ಇಷ್ಟು ಹೊತ್ತು ಕಾಯುವುದಿಲ್ಲ ಎಂದು ಬೈಯುತ್ತಿದ್ದಳು. ಆರನೆಯ ದಿನ ನನ್ನನ್ನು ನೇರವಾಗಿ ಕೇಳಿದಳು.

“ಅಣ್ಣ ಏನೋ ಮಾಡಿಟ್ಟಿದ್ದ ಅಲ್ವಾ ಅತ್ತಿಗೆ? ನಿಮಗೆ ಗೊತ್ತಿರಬೇಕು.”

ಗೊತ್ತಿಲ್ಲ ಅಂದೆ. ಈ ಸಲ ಆಯಾಸದಿಂದ ಹೇಳಿದ್ದಲ್ಲ. ಅಷ್ಟರಲ್ಲಿ ನನಗೊಂದು ಕಾರಣ ಹುಟ್ಟಿತ್ತು.

ಹಿಂದಿನ ದಿನ, ಸಂತಾಪದ ಸಂದೇಶಗಳಿಗೆ ಉತ್ತರಿಸಲೆಂದು ಅವನ ಫೋನು ತೆಗೆದಿದ್ದೆ. ಉತ್ತರಿಸಿ ಮುಗಿಸಿ, ಅವನು ಓದುತ್ತಿದ್ದ ಪತ್ರಿಕೆಯ ಪುಟ ತೆರೆದೆ. ಎರಡು ಸುದ್ದಿಗಳ ನಡುವೆ ಒಂದು ಕತ್ತರಿಯ ಚಿತ್ರ. ನೀವು ನೋಡಿದ್ದ ಎಡಗೈ ಕತ್ತರಿ ಇನ್ನೂ ಸಿಗುತ್ತದೆ ಎಂದು ಬರೆದಿತ್ತು.

ನಾನು ಎಡಚಿ. ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಒದ್ದೆ ಕಾಗದದ ಮೇಲೆ ನೂರು ಬೀಜ ಇಟ್ಟು, ಏಳನೆಯ ದಿನ ಎಷ್ಟು ಮೊಳೆತವು ಎಂದು ಎಣಿಸುವುದು. ಆ ಕಾಗದ ಕತ್ತರಿಸುವ ಕತ್ತರಿಗಳೆಲ್ಲ ಬಲಗೈಯವರಿಗೆ ಮಾಡಿದವು. ಹೆಬ್ಬೆರಳ ಬುಡದಲ್ಲಿ ನನಗೊಂದು ಜಡ್ಡು ಕಟ್ಟಿದೆ. ಅದನ್ನು ಅವನಿಗೆ ಎಂದೂ ಹೇಳಿರಲಿಲ್ಲ. ಅವನು ನೋಡಿದ್ದ.

ಅವನು ಹೋದದ್ದು ಊರಿಗೆಲ್ಲ ಗೊತ್ತಿತ್ತು. ಬ್ಯಾಂಕಿಗೂ ತಿಳಿಸಿಯಾಗಿತ್ತು. ಇದೊಂದಕ್ಕೆ ಯಾರೂ ಹೇಳಿರಲಿಲ್ಲ. ಅದು ಇನ್ನೂ ಅವನ ಜೊತೆ ಮಾತಾಡುತ್ತಲೇ ಇತ್ತು. ಡಬ್ಬಿ ತಡೆದಿದ್ದದ್ದು ಜಾಹೀರಾತು ಒಳಗೆ ಬರುವುದನ್ನು. ಅವನು ಏನೇನು ಹುಡುಕಿದ ಎಂದು ಹೊರಗೆ ಎಲ್ಲೋ ಒಂದು ಕಡೆ ಕೊನೆಯ ದಿನದವರೆಗೂ ನೆನಪಿಟ್ಟುಕೊಂಡಿದ್ದರು. ನನಗಿಂತ ಚೆನ್ನಾಗಿ. ನಾನು ಭಯಪಡಬೇಕಿತ್ತೇನೋ. ಪಡಲಿಲ್ಲ. ದೊಡ್ಡ ನೀರಿನ ಮುಂದೆ ನಿಂತವಳ ಹಾಗೆ ಫೋನು ಹಿಡಿದು ನಿಂತೆ.

ಆಮೇಲೆ ದಿನಾ ಸಂಜೆ ಕೆಲಸದಿಂದ ಬಂದು, ಪಾತ್ರೆ ತೊಳೆಯುವ ಮುಂಚೆ, ಅವನ ಫೋನಿನಲ್ಲಿ ಅದೇ ಪುಟ ತೆರೆಯುತ್ತಿದ್ದೆ. ಒಂದು ದಿನ ಬಚ್ಚಲಿನ ಗೋಡೆಗೆ ಹಾಕುವ ಹಿಡಿಕೆ ಬಂತು, ವಯಸ್ಸಾದವರು ಹಿಡಿದು ಏಳಲು. ಇನ್ನೊಂದು ದಿನ ಗಾಳಿ ತುಂಬಿಸುವ ದೋಣಿ, ಇಬ್ಬರು ಕೂರುವಂಥದ್ದು. ನಮ್ಮ ಮನೆಯಲ್ಲಿ ಯಾರಿಗೂ ಈಜು ಬಾರದು. ಅವನು ದೋಣಿಯ ಮಾತೆತ್ತಿದ್ದೂ ಇಲ್ಲ. ನಾಲ್ಕು ವರ್ಷ ಒಂದೇ ಹೊದಿಕೆಯಡಿ ಮಲಗಿದವನು ನನಗೆ ತಿಳಿಸದೆ ದೋಣಿ ನೋಡುತ್ತಿದ್ದ.

ಡಬ್ಬಿ ಕಣ್ಣೆದುರೇ ಇತ್ತು, ರಟ್ಟಿನ ಪೆಟ್ಟಿಗೆಯಲ್ಲಿ, ಒಂಟಿ ಕಾಲುಚೀಲದ ಕೆಳಗೆ. ಅದನ್ನು ಹಾಕಿದರೆ ದೋಣಿ ಹೋಗುತ್ತದೆ, ಕತ್ತರಿ ಹೋಗುತ್ತದೆ. ನಾನು ಹಾಕಲಿಲ್ಲ. ಅತ್ತೆ ಸಾಲು ತಪ್ಪಿ ಟೊಪ್ಪಿ ಬಿಚ್ಚಿ ಮತ್ತೆ ಹೆಣೆಯುವುದನ್ನು ನೋಡುತ್ತಲೇ ಇದ್ದೆ.

ಇಪ್ಪತ್ತನೆಯ ದಿನ ಬೆಳಿಗ್ಗೆ ಅತ್ತೆ ಚಹಾ ಬಗ್ಗಿಸುತ್ತಿದ್ದವರು ಹಾಗೇ ಗೋಡೆ ಹಿಡಿದು ನೆಲಕ್ಕೆ ಕುಸಿದರು. ಚಹಾ ಅವರ ಪಾದದ ಪಕ್ಕಕ್ಕೆ ಚೆಲ್ಲಿತು. ಸುಡಲಿಲ್ಲ. ನಾದಿನಿ ಅವರನ್ನು ಎತ್ತಿ ಕೂರಿಸಿದಳು. ಇಬ್ಬರೂ ಸೇರಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ರಕ್ತದೊತ್ತಡ ನೋಡಿದ ಡಾಕ್ಟರು, ಹುಬ್ಬೇರಿಸಿ, ಮತ್ತೊಮ್ಮೆ ನೋಡಿದರು.

“ಮಾತ್ರೆ ತಗೋತಿದ್ದೀರಾ?”

“ಬಿಟ್ಟೆ. ಹನ್ನೊಂದು ದಿನ ಆಯ್ತು.”

“ಯಾರು ಬಿಡೋಕೆ ಹೇಳಿದ್ದು?”

“ಡಾಕ್ಟರೇ.”

“ಯಾವ ಡಾಕ್ಟರು?”

“ಫೋನಲ್ಲಿ ಬರ್ತಾರಲ್ಲ, ಅವರು. ಬಿಳಿ ಕೋಟು. ಮಂಡಿನೋವಿಗೆ ಪುಡಿ ಕೊಡ್ತಾರೆ. ಅದು ತಗೊಳ್ಳೋವಾಗ ಬೇರೆ ಮಾತ್ರೆ ಕೂಡದು ಅಂದ್ರು.”

ನಾದಿನಿ ಹಣೆಗೆ ಕೈ ಹಚ್ಚಿದಳು. ಡಾಕ್ಟರು ಬೈಯಲಿಲ್ಲ. ಮಾತ್ರೆಯ ಹೆಸರನ್ನು ದೊಡ್ಡದಾಗಿ ಬರೆದುಕೊಟ್ಟು, ಇಂದಿನಿಂದಲೇ ಶುರು ಮಾಡಬೇಕು, ಇನ್ನು ನಾಲ್ಕು ದಿನ ತಡವಾಗಿದ್ದರೆ ಕೈಕಾಲು ಬಿದ್ದುಹೋಗಬಹುದಿತ್ತು ಎಂದರು. ಪುಡಿಯ ಪೊಟ್ಟಣ ಉಣ್ಣೆಯ ಬುಟ್ಟಿಯ ತಳದಲ್ಲಿ ಸಿಕ್ಕಿತು. ನಾದಿನಿ ಅದನ್ನು ಕಸಕ್ಕೆ ಸುರಿದಳು.

ಎರಡು ದಿನ ನಾನು ಒಳಗೇ ಬೆಂದೆ. ಇಪ್ಪತ್ತೆರಡನೆಯ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದೆವು. ಬೇಳೆ, ರೊಟ್ಟಿ, ಬೇಯಿಸಿದ ಬಟಾಣಿ. ಓದು ಬರಹ ಬರುವವಳು ನೀನು, ಯಾರೋ ಬಿಳಿ ಕೋಟು ಹಾಕಿಕೊಂಡು ಬಂದರೆ ನಂಬಿಬಿಡುವುದೇ ಎಂದು ಮಾವ ಹೆಂಡತಿಯನ್ನು ಮೂರನೆಯ ಸಲ ಕೇಳುತ್ತಿದ್ದರು. ಅತ್ತೆ ಬಟಾಣಿಯನ್ನು ಬೆರಳಲ್ಲಿ ಉರುಳಿಸುತ್ತ ಕೂತಿದ್ದರು. ಆಮೇಲೆ ಹೇಳಿದರು.

“ಮುಂಚೆ ಅವರು ಬರ್ತಿರ್ಲಿಲ್ಲ ಕಣ್ರೀ. ಇವನು ಹೋದ ಮೇಲೆ ಬರೋಕೆ ಶುರು ಮಾಡಿದ್ರು. ನನ್ನ ಮಂಡಿನೋವು ಹೊರಗಿನೋರಿಗೆ ಹೇಗೆ ಗೊತ್ತಾಗ್ಬೇಕು? ಇವನೇ ಎಲ್ಲೋ ಹೇಳಿ ಕಳಿಸಿದಾನೆ ಅಂದ್ಕೊಂಡೆ.”

ನಾನು ಕತ್ತರಿಯ ಮುಂದೆ ನಿಂತದ್ದೂ ಅವರು ಬಿಳಿ ಕೋಟಿನ ಮುಂದೆ ಕೂತದ್ದೂ ಒಂದೇ ಕಾರಣಕ್ಕೆ. ಅವರಿಗೆ ಡಬ್ಬಿಯ ವಿಷಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಎದ್ದು ಹೋಗಿ ಡಬ್ಬಿ ತಂದು ತಟ್ಟೆಗಳ ನಡುವೆ ಇಟ್ಟೆ. ಅದು ಏನು, ಯಾರು ಇಟ್ಟದ್ದು, ಮಾವ ಯಾವ ದಿನ ಕಿತ್ತರು, ನಾನು ಯಾಕೆ ಸುಮ್ಮನಿದ್ದೆ, ಎಲ್ಲ ಹೇಳಿದೆ. ಮೂರು ವಾರದಲ್ಲಿ ನಾನು ಅಷ್ಟು ಮಾತಾಡಿರಲಿಲ್ಲ.

“ಗೊತ್ತಿಲ್ಲ ಅಂದ್ರಿ ನನ್ನ ಹತ್ರ,” ಅಂದಳು ನಾದಿನಿ.

“ಹೌದು.”

“ಅಮ್ಮ ಒಲೆ ಮೇಲೆ ಬಿದ್ದಿದ್ರೆ? ಆಗಲೂ ಕತ್ತರಿ ನೋಡ್ತಾ ಕೂತಿರ್ತಿದ್ದೆ ಅಲ್ವಾ ನೀನು?”

ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಕೈ ತೊಳೆಯದೆ ಹಾಗೇ ಕೂತಿದ್ದೆ.

ಮಾವ ಡಬ್ಬಿಯನ್ನು ಮುಟ್ಟಲಿಲ್ಲ. ಕಿತ್ತ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನೋಡಿದರು. ಆಮೇಲೆ “ತೋರ್ಸಮ್ಮ, ಅವನು ಏನೇನು ನೋಡಿಟ್ಟಿದ್ದ” ಅಂದರು.

ತಟ್ಟೆಗಳನ್ನು ಸರಿಸಿ ಅವನ ಫೋನನ್ನು ಮೇಜಿನ ನಡುವೆ ಇಟ್ಟೆ. ನಾಲ್ಕು ತಲೆಗಳು ಅದರ ಮೇಲೆ ಬಾಗಿದವು. ಪುಟ ತೆರೆದೆ. ಮೊದಲು ಏನೋ ವಿಮೆ ಬಂತು. ಮತ್ತೆ ತೆರೆದೆ. ಹಿಡಿಕೆ ಬಂತು.

“ಇದು ನಿಮ್ಮ ಬಚ್ಚಲಿಗೆ” ಅಂದೆ.

ಕಳೆದ ಚಳಿಗಾಲದಲ್ಲಿ ಮಾವ ಬಚ್ಚಲಲ್ಲಿ ಜಾರಿದ್ದರು. ಯಾರಿಗೂ ಹೇಳಿರಲಿಲ್ಲ. ಹೇಳಿಲ್ಲವೆಂದು ಅಂದು ಮೇಜಿನ ಮುಂದೆ ಹೇಳಿದರು. ಮಗ ಮೊಣಕೈಯ ತರಚು ಕಂಡಿರಬೇಕು, ಕೇಳದೆ ಸುಮ್ಮನಿದ್ದಿರಬೇಕು. ಹಿಡಿಕೆಯ ಚಿತ್ರದ ಅಂಚನ್ನು ಅವರು ಬೆರಳಿಂದ ಸವರಿದರು. ಅಂಗಡಿಯ ಪುಟ ತೆರೆದುಕೊಂಡಿತು. ಹೆದರಿ ಕೈ ಹಿಂದಕ್ಕೆ ತೆಗೆದರು.

ಕತ್ತರಿ ಬಂತು. ಅತ್ತೆ ನನ್ನ ಎಡಗೈ ಹಿಡಿದು, ತಿರುಗಿಸಿ, ಹೆಬ್ಬೆರಳ ಬುಡ ನೋಡಿ, ಬಿಡದೆ ಹಾಗೇ ಹಿಡಿದುಕೊಂಡರು. ಅವರೇನೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ನಾದಿನಿ ಫೋನನ್ನು ತನ್ನ ಕಡೆ ಎಳೆದುಕೊಂಡಳು. ಮತ್ತೆ ತೆರೆದಳು. ಮತ್ತೆ. ಹದಿನೈದು ಇಪ್ಪತ್ತು ಸಲ ಇರಬಹುದು. ಅವಳು ಯಾವುದಕ್ಕೆ ಕಾಯುತ್ತಿದ್ದಾಳೆಂದು ಎಲ್ಲರಿಗೂ ತಿಳಿಯಿತು. ವಿಮೆ, ಕಾರು, ಹಿಡಿಕೆ, ಮತ್ತೆ ವಿಮೆ. ಕೊನೆಗೆ ದೋಣಿ.

“ನಂಗೇನೂ ಇಲ್ಲ” ಅಂದಳು. ಕೋಪವೆಲ್ಲ ಇಳಿದು, ಚಿಕ್ಕ ಹುಡುಗಿಯ ದನಿಯಾಗಿತ್ತು.

“ದೋಣಿ ನಿಂದೇ ಕಣೇ. ಈ ಮನೇಲಿ ಓಡಿಸೋಳು ನೀನೊಬ್ಬಳೇ ತಾನೆ?” ಅಂದರು ಮಾವ.

ಅವಳು ನಕ್ಕಳು. ಆಮೇಲೆ ಅತ್ತಳು. ಅವನು ಹೋದಾಗ ಅವಳು ಅತ್ತಿರಲಿಲ್ಲ. ಮರುದಿನವೇ ಪಾಳಿಗೆ ಹೋಗಿದ್ದಳು.

ಅತ್ತೆ ಫೋನನ್ನು ಮಗುಚಿಟ್ಟರು. “ಇದೆಲ್ಲ ಬರಬಾರದು ಅಂತ ತಾನೆ ಅವನು ಮಾಡಿಟ್ಟಿದ್ದು? ಹಾಕಿಬಿಡಿ” ಅಂದರು.

ಕಿತ್ತವರೇ ಹಾಕಬೇಕೆಂದು ಮಾವ ತಾವೇ ಕಪಾಟಿನ ಹಿಂದೆ ಬಗ್ಗಿದರು. ಹಸಿರು ದೀಪ ಮಿನುಗಿ ನಿಂತಿತು. ನಾನು ಪತ್ರಿಕೆಯ ಪುಟವನ್ನು ಮತ್ತೆ ತೆರೆದೆ. ಸುದ್ದಿ, ಅದರ ಕೆಳಗೆ ಬಿಳಿ. ಸುದ್ದಿ, ಬಿಳಿ. ದೋಣಿ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಮಾವ ಕನ್ನಡಕ ಏರಿಸಿ ಆ ಬಿಳಿಯನ್ನೇ ನೋಡಿದರು.

“ಸುಣ್ಣ ಹೊಡೆದ ಗೋಡೆ” ಅಂದರು. “ನಾವು ಬರೆಯೋ ಮುಂಚೆ ಹೀಗೇ ಇರ್ತಿತ್ತು. ಬರೆದ್ಮೇಲೂ ಗೋಡೆ ಅಲ್ಲೇ ನಿಂತಿರ್ತಿತ್ತು. ಬೇಕಾದ್ರೆ ನೋಡ್ತಿದ್ರು, ಬೇಡ ಅಂದ್ರೆ ಮುಂದೆ ಹೋಗ್ತಿದ್ರು. ಗೋಡೆ ಯಾವತ್ತೂ ಯಾರ ಹಿಂದೆನೂ ಮನೆವರೆಗೆ ಬಂದಿಲ್ಲ.”

ಮಗನಿಗೆ ಕೊಡಬೇಕಿದ್ದ ಉತ್ತರ ಅದು. ಕೇಳಿಸಿಕೊಂಡದ್ದು ನಾವು.

ಮಾರನೆಯ ಬೆಳಿಗ್ಗೆ ಮಾವ ಮತ್ತೆ ಕಪಾಟಿನ ಹಿಂದೆ ಬಗ್ಗಿದ್ದರು. ವೈರು ಭದ್ರವಾಗಿದೆಯೇ ನೋಡಲು ಹೋಗಿ ಡಬ್ಬಿಯ ಅಡಿ ನೋಡಿದ್ದರು. ಅಲ್ಲೊಂದು ಚೀಟಿ ಅಂಟಿಸಿತ್ತು, ನಮ್ಮ ಊರಿನ ಶಾಲೆಯದ್ದು: ಶಾಲಾ ಪ್ರಯೋಗಾಲಯ, ೧೪.

“ನಾನು ಅವತ್ತು ಸರಿಯಾಗೇ ಹೇಳಿದ್ದೆ. ಇದು ಬೇರೆಯವರದ್ದು” ಅಂದರು. ದನಿಯಲ್ಲಿ ಗೆಲುವಿತ್ತು, ಗಾಬರಿಯೂ ಇತ್ತು. ತಮ್ಮದಲ್ಲದ ಮೊಳೆಯನ್ನೂ ಬೇರೆ ಇಡುವವರು. ಹದಿನಾಲ್ಕು ತಿಂಗಳಿಂದ ಮನೆಯಲ್ಲಿ ಶಾಲೆಯ ಸಾಮಾನು ಇತ್ತೆಂಬುದು ಅವರಿಗೆ ಸಹಿಸದಾಯಿತು. ಇಂದೇ ಕೊಟ್ಟು ಬಾ ಅಂದರು. ಕೊಟ್ಟರೆ ಬಿಳಿ ಕೋಟಿನವನು ಮತ್ತೆ ಬರುತ್ತಾನೆ ಎಂದೆ. ಹಾಗಾದರೆ ಬೇಗ ಏನಾದರೂ ಕಲಿ, ನೀನು ಓದಿದವಳಲ್ಲವೇ ಎಂದರು.

ಕಲಿತೆ. ಬೀಜದ ಬಗ್ಗೆ ಓದಿದವಳು ಫೋನಿನ ಬಗ್ಗೆ ಓದಿದೆ. ಡಬ್ಬಿ ಕಾಯುತ್ತಿದ್ದದ್ದು ಮನೆಯೊಳಗಿನ ಫೋನುಗಳನ್ನು ಮಾತ್ರ. ಅತ್ತೆ ಆಸ್ಪತ್ರೆಗೆ ಟೊಪ್ಪಿ ಕೊಡಲು ಹೋದರೆ, ನಾದಿನಿ ಡಿಪೋದಲ್ಲಿ ಕೂತರೆ, ಅಲ್ಲಿ ಅದರ ಕಾವಲಿಲ್ಲ. ಪ್ರತಿ ಫೋನಿಗೂ ಅದರದ್ದೇ ಕಾವಲು ಬೇಕು. ಜಾಹೀರಾತು ತಡೆಯುವ ಬೇರೆ ಬ್ರೌಸರು ಇರುತ್ತದೆ, ಅದನ್ನು ಹಾಕಿಕೊಳ್ಳಬೇಕು. ಫೋನಿನ ಸೆಟ್ಟಿಂಗಿನೊಳಗೆ, ಡಬ್ಬಿಯ ಹಾಗೇ ಜಾಹೀರಾತಿಗೆ ದಾರಿ ಹೇಳದ ಒಂದು ವಿಳಾಸ ಬರೆಯುವ ಜಾಗವಿದೆ, ಅಲ್ಲಿ ಒಂದಕ್ಷರ ತಪ್ಪಿದರೆ ಏನೂ ತೆರೆಯುವುದಿಲ್ಲ. ಮೊದಲ ಭಾನುವಾರ ಹಾಗೇ ಆಯಿತು. ಅತ್ತೆಯ ಫೋನು ಅರ್ಧ ದಿನ ಸತ್ತು ಬಿದ್ದಿತ್ತು. ಸೊಸೆಯ ದಯೆಯಿಂದ ಈಗ ಟೊಪ್ಪಿಯೂ ಇಲ್ಲ, ಕಾರೂ ಇಲ್ಲ ಎಂದು ಅತ್ತೆ ಮಗಳಿಗೆ ಹೇಳಿದರು. ಎರಡನೆಯ ಭಾನುವಾರ ಸರಿಯಾಯಿತು. ನಾದಿನಿ ತನ್ನ ಫೋನನ್ನು ಮಾತಿಲ್ಲದೆ ನನ್ನ ಮುಂದೆ ಇಟ್ಟು, ಸರಿ ಮಾಡಿಕೊಟ್ಟ ಮೇಲೆ, “ಥ್ಯಾಂಕ್ಸ್ ಅತ್ತಿಗೆ, ನೀವು ಊಟ ಮಾಡಿ” ಎಂದಳು. ಬಹುವಚನ ವಾಪಸು ಬಂದಿತ್ತು. ಮೂರನೆಯ ಭಾನುವಾರ ಮಾವನ ಸರದಿ. ಅವರು ಸ್ವಲ್ಪ ಯೋಚಿಸಿ, ಕೊಟ್ಟರು.

ಆ ವಾರ ಬಚ್ಚಲಿಗೆ ಹಿಡಿಕೆ ತಂದೆ. ಎಲ್ಲಿ ಕೂರಿಸಬೇಕೆಂದು ಮಾವ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಟ್ಟರು. ಮರುದಿನ ಡಬ್ಬಿಯನ್ನು ಒಂದು ಶುದ್ಧ ಬಟ್ಟೆಯಲ್ಲಿ ಸುತ್ತಿಕೊಂಡು ಶಾಲೆಗೆ ಹೋದೆ.

ಪ್ರಯೋಗಾಲಯದಲ್ಲಿ ಸ್ಪಿರಿಟ್ಟಿನ ವಾಸನೆ. ವಿಜ್ಞಾನದ ಟೀಚರು ಬೀಕರುಗಳನ್ನು ಕವುಚಿಡುತ್ತಿದ್ದರು. ಡಬ್ಬಿ ನೋಡಿದ ಕೂಡಲೆ ನಾನು ಯಾರೆಂದು ಅವರಿಗೆ ತಿಳಿಯಿತು. ಕನ್ನಡಕ ಮುಟ್ಟಿ ತೋರಿಸಿ, ಇದು ನಿಮ್ಮ ಯಜಮಾನರೇ ಮಾಡಿದ್ದು ಅಂದರು. ಡಬ್ಬಿ ಮಕ್ಕಳು ಕಲಿಯಲೆಂದು ಶಾಲೆ ತರಿಸಿದ್ದ ಪುಟ್ಟ ಕಂಪ್ಯೂಟರು; ಎರಡು ವಾರಕ್ಕೆಂದು ಅವನು ಒಯ್ದಿದ್ದನಂತೆ. ಕೇಳಲು ಮನಸ್ಸಾಗದೆ ಸುಮ್ಮನಿದ್ದರಂತೆ.

ರಿಜಿಸ್ಟರು ತೆಗೆದರು. ಅವನ ಅಕ್ಷರ. ಒಯ್ದ ತಾರೀಖು, ಸಹಿ. ಉದ್ದೇಶ ಎಂಬಲ್ಲಿ ಬರೆದಿದ್ದ: ಅಮ್ಮನ ಹೆಣಿಗೆಗೆ.

ಮಕ್ಕಳಿಗೆ ಕೊಡುವ ಮುಂಚೆ ಪರೀಕ್ಷಿಸಬೇಕೆಂದು ಟೀಚರು ಡಬ್ಬಿಯನ್ನು ಶಾಲೆಯ ಕಂಪ್ಯೂಟರಿಗೆ ಜೋಡಿಸಿದರು. ತೆರೆಯ ಮೇಲೆ ಒಂದು ಸಂಖ್ಯೆ ಬಂತು. ಈವರೆಗೆ ತಡೆದದ್ದು ಏಳು ಲಕ್ಷದ ನಲವತ್ತಮೂರು ಸಾವಿರದ ಇನ್ನೂರ ಆರು. ನಾನು ಎರಡು ಸಲ ಓದಿದೆ. ನೂರು ಬೀಜ ಎಣಿಸುವುದು ನನ್ನ ಕಸುಬು. ಏಳು ಲಕ್ಷ ಸಲ ಯಾರೋ ನಮ್ಮ ಬಾಗಿಲಿಗೆ ಬಂದಿದ್ದರು. ನಾವು ಒಳಗೆ ರೊಟ್ಟಿ ತಿನ್ನುತ್ತಿದ್ದೆವು, ಜಗಳವಾಡುತ್ತಿದ್ದೆವು. ನಮಗೆ ಒಂದು ಸದ್ದೂ ಕೇಳಿಸಿರಲಿಲ್ಲ.

ಅದರ ಕೆಳಗೆ ದಿನಕ್ಕೊಂದರಂತೆ ಕಡ್ಡಿಗಳು, ಒತ್ತಾಗಿ ಮೊಳೆತ ಪೈರಿನ ಹಾಗೆ. ಎಲ್ಲ ಹೆಚ್ಚುಕಡಿಮೆ ಒಂದೇ ಎತ್ತರ. ಒಂದು ಕಡೆ ಮಾತ್ರ ಮೂರು ಕಡ್ಡಿಗಳು ತೆರೆಯ ನೆತ್ತಿಗೆ ತಾಗಿದ್ದವು. ಟೀಚರು ತಾರೀಖು ಓದಿದರು. ಮನೆ ತುಂಬ ಜನ ಇದ್ದ ಆ ಮೂರು ದಿನ. ಮಾವ ಬರೆದ ರಟ್ಟು ನೋಡಿ ಪಾಸ್‌ವರ್ಡು ಹಾಕಿಕೊಂಡ ಎಲ್ಲರ ಫೋನು. ಅಳಲು ಬಂದವರೆಲ್ಲರನ್ನೂ ಆ ಡಬ್ಬಿ ಕಾದಿತ್ತು. ಹದಿನಾಲ್ಕು ತಿಂಗಳಲ್ಲೇ ಅವನು ಅತಿ ಹೆಚ್ಚು ಕೆಲಸ ಮಾಡಿದ ದಿನಗಳು ಅವು.

ಅದಾದ ಮೇಲೆ ಬಯಲು. ಆಮೇಲೆ ಮತ್ತೆ ಕಡ್ಡಿಗಳು, ನಾನು ಒಂದೊಂದು ಫೋನಿಗೂ ಕಾವಲು ಹಾಕಿದಂತೆ ಗಿಡ್ಡವಾಗುತ್ತ ಬಂದವು.

“ಇಲ್ಲಿ ಯಾಕೆ ಖಾಲಿ? ಕೆಟ್ಟಿತ್ತಾ?” ಎಂದು ಟೀಚರು ಕೇಳಿದರು.

“ಇಲ್ಲ. ಅದು ನನ್ನಿಂದ ಆಗಿದ್ದು.”

ಅವರು ಹೆಚ್ಚು ಕೇಳಲಿಲ್ಲ. ಮಕ್ಕಳಿಗೆ ಕೊಡಬೇಕಾದರೆ ಇದನ್ನೆಲ್ಲ ಅಳಿಸಬೇಕಾಗುತ್ತದೆ, ಬೇಕಿದ್ದರೆ ಒಂದು ವಾರ ಹಾಗೇ ಇಟ್ಟಿರುತ್ತೇನೆ ಎಂದರು. ನಾನು ಎತ್ತರದ ಮೂರು ಕಡ್ಡಿಗಳನ್ನು ಇನ್ನೊಮ್ಮೆ ನೋಡಿದೆ.

“ಅಳಿಸಿ” ಅಂದೆ.

ತೆರೆ ಬೆಳ್ಳಗಾಯಿತು. ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು. ಹಿಂದಿರುಗಿಸಿದವರು ಎಂಬಲ್ಲಿ, ಹೆಂಡತಿ ಎಂದು ಬರೆದೆ. ಅದರ ಪಕ್ಕ ವಸ್ತುವಿನ ಸ್ಥಿತಿ ಎಂಬ ಕಿರಿದಾದ ಜಾಗವಿತ್ತು. ಎಲ್ಲರೂ ಅಲ್ಲಿ, ಸರಿ ಇದೆ ಎಂದಷ್ಟೇ ಬರೆದಿದ್ದರು. ನನ್ನದು ಪಕ್ಕದ ಗೆರೆ ದಾಟಿತು. ಎಡಗೈ ಒರೆಸಿಕೊಂಡು ಹೋಗಿ ಶಾಯಿ ಸ್ವಲ್ಪ ಕದಡಿತು, ಆದರೂ ಓದಬಹುದಿತ್ತು.

ಚೆನ್ನಾಗಿದೆ. ಇಪ್ಪತ್ತೆರಡು ದಿನ ಬಿಟ್ಟು ಎಲ್ಲ ದಿನ ಕೆಲಸ ಮಾಡಿದೆ.